ಬಿಚ್ಚದ ಹೊಲಿಗೆ

ನಮ್ಮ ಯಜಮಾನರು ದರ್ಜಿ. ಮೂವತ್ತು ವರ್ಷದಲ್ಲಿ ಅವರು ಹೊಲಿದ ಬಟ್ಟೆಯಲ್ಲಿ ಸೂಜಿ ಉಳಿದದ್ದು ಒಂದೇ ಸಲ. ಗಿರಾಕಿಯ ಬೆರಳಲ್ಲಿ ಒಂದು ಹನಿ ರಕ್ತ ಬಂತು, ಅಷ್ಟೇ. ಆ ಹನಿ ಇವರ ತಲೆಯಿಂದ ಇಳಿಯಲೇ ಇಲ್ಲ. ಮುಗಿದ ಬಟ್ಟೆಯ ಅಂಚು ಬಿಚ್ಚುವುದು, ತಡಕುವುದು, ಮತ್ತೆ ಹೊಲಿಯುವುದು.

"ಸೂಜಿ ಇಲ್ಲ ತಾನೇ?"

"ಇಲ್ಲ ರೀ."

"ನೋಡಿ ಹೇಳಿದ್ಯಾ, ಸುಮ್ನೆ ಹೇಳಿದ್ಯಾ?"

ದೇವರ ನಾಮ ಹೇಳಬೇಕಾದ ಬಾಯಲ್ಲಿ ದಿನಕ್ಕೆ ನೂರು ಸಲ 'ಇಲ್ಲ' ಎಂದೆ.

ಕೊನೆಗೆ ಮಗಳು ಆಸ್ಪತ್ರೆಗೆ ಕರೆದೊಯ್ದಳು. ಮನೋಚಿಕಿತ್ಸೆಯ ಡಾಕ್ಟರಮ್ಮ ವಾರವಾರ ಇವರ ಜೊತೆ ಕೂತು ಮಾತಾಡಿದರು. ಒಂದು ದಿನ ನನ್ನನ್ನೂ ಕರೆದರು.

"ಎಲ್ಲ ದರ್ಜಿಗಳ ಹಾಗೆ ಒಂದು ಸಲ ನೋಡಲಿ, ಸಾಕು. ಬಿಚ್ಚಿದಾಗ, ನೀವು 'ಇಲ್ಲ' ಅಂದಾಗ ಆ ಗಳಿಗೆಗೆ ಹಾಯೆನಿಸುತ್ತೆ. ಅದಕ್ಕೇ ಭಯ ತಿರುಗಿ ಬರುತ್ತೆ. ಬಿಚ್ಚದೆ ಕೂತರೆ ತಾನಾಗೇ ಇಳಿಯುತ್ತೆ. ಎಷ್ಟೋ ಜನರಲ್ಲಿ ಪರೀಕ್ಷಿಸಿ ಗುಣ ಕಂಡ ಚಿಕಿತ್ಸೆ ಇದು."

"ಅವರು ಕೇಳಿದ್ರೆ ನಾನೇನು ಹೇಳ್ಲಿ?"

"ಏನೂ ಹೇಳಬೇಡಿ."

"ಇವಳು ಬಾಯಿ ಮುಚ್ಕೊಂಡಿರೋದಾ? ಅದಕ್ಕಿಂತ ನನ್ನ ಕಾಯಿಲೆ ಗುಣವಾಗೋದು ಸುಲಭ!" ಎಂದು ಇವರು ನಕ್ಕರು. ಎಷ್ಟು ಕಾಲಕ್ಕೆ ಕಂಡ ನಗು!

ಮೊದಲು ಕರವಸ್ತ್ರ, ಆಮೇಲೆ ದಿಂಬಿನ ಚೀಲ, ಆಮೇಲೆ ಅಂಗಿ. ಒಂದೊಂದನ್ನೇ ಬಿಚ್ಚದೆ ಕೊಟ್ಟರು. ಉಳಿದದ್ದು ಎಂಟು ತಿಂಗಳ ಮೊಮ್ಮಗಳ ಫ್ರಾಕು. ಅದನ್ನು ಎರಡು ಸಲ ಬಿಚ್ಚಿಬಿಟ್ಟಿದ್ದರು.

ಮೂರನೆಯ ಸಲ ಹೊಲಿದು, ಒಮ್ಮೆ ನೋಡಿ, ಅಂಗಡಿಯ ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಕೊಟ್ಟ ಪುಸ್ತಕದಲ್ಲಿ ತಮ್ಮ ಭಯಕ್ಕೆ ನೂರಕ್ಕೆ ತೊಂಬತ್ತೈದು ಎಂದು ಬರೆದರು. ಮಗಳು ಬರಲು ಒಂದು ಗಂಟೆಯಿತ್ತು.

"ಲೇ, ಒಂದೇ ಒಂದು ಸಲ ಹೇಳೇ."

'ಇವರ ಭಯ ತೆಗಿ' ಎಂದು ವರ್ಷಗಟ್ಟಲೆ ದೇವರನ್ನು ಬೇಡಿದವಳು, ಅಂದು 'ನನ್ನ ನಾಲಿಗೆ ಹಿಡಿ ತಂದೆ' ಎಂದಷ್ಟೇ ಬೇಡಿದೆ. ಗಿರಾಕಿಯ ಅಂಗಿಗೆ ಗುಂಡಿ ಹೊಲಿಯುತ್ತಾ ತಲೆ ಬಗ್ಗಿಸಿದೆ. ಅವರು ಬೆವರಿದರು. ಕತ್ತರಿ ಎತ್ತಿದರು. ಕತ್ತರಿ ಕೆಳಗಿಟ್ಟು ಎಂಬತ್ತು ಎಂದು ಬರೆದರು. ಎಷ್ಟೋ ಹೊತ್ತಿಗೆ, ಐವತ್ತು. ಬೇರೆ ಬಟ್ಟೆ ಹರವಿ ಗುರುತು ಹಾಕತೊಡಗಿದರು.

ಮಗಳು ಬಂದಳು. "ಹಾಕ್ಲಾ ಅಪ್ಪಾ?"

"ಹಾಕಮ್ಮ."

ಕೂಸು ಹೊಸ ಫ್ರಾಕಿನ ಅಂಚನ್ನೇ ಬಾಯಿಗಿಟ್ಟುಕೊಂಡಿತು. ಇವರು ಕೈ ಹಿಂದೆ ಕಟ್ಟಿ ನಿಂತೇ ಇದ್ದರು.

"ನಲವತ್ತು," ಎಂದರು.

"ಏನಪ್ಪಾ ನಲವತ್ತು?"

"ನನ್ನ ಭಯ. ನಿಮ್ಮಮ್ಮ ಒಂದು ಗಂಟೆ ಮಾತಾಡಿಲ್ಲ ಕಣೇ, ಅವಳಿಗೆ ನೂರಕ್ಕೆ ನೂರು ಮಾರ್ಕು!"

ನಾನೆದ್ದು ಅಂಗಡಿಯ ಎರಡೂ ಕದ ಅಗಲಿಸಿದೆ. ಬೀದಿಯಲ್ಲಿ ಹೋಗುವವರೆಲ್ಲ ನಮ್ಮ ಯಜಮಾನರನ್ನು ನೋಡಲಿ.