ಕಟಕಟೆ ಕೇಳಿದ ಒಡಪು

ನಾನು ಒಂದು ಸಾಕ್ಷಿ ಕಟಕಟೆ. ಬಡಿಗೇರ ಮೌನೇಶಪ್ಪ ಸಾಗುವಾನಿ ತೊಲೆಯ ಅರ್ಧದಲ್ಲಿ ತೊಟ್ಟಿಲು ಮಾಡಿದ, ಉಳಿದರ್ಧದಲ್ಲಿ ನನ್ನನ್ನು. ತೊಟ್ಟಿಲಿಗೆ ಜೋಗುಳ ಸಿಕ್ಕಿತು, ನನಗೆ ತಾಲ್ಲೂಕು ಕೋರ್ಟು. ಅಲ್ಲಿ ಕಳ್ಳನೂ ಸಾಚಾನೂ ಒಂದೇ ಮಾತಿನಲ್ಲಿ ಪ್ರಮಾಣ ಮಾಡುತ್ತಿದ್ದರು. ಕೈ ಬೆವರುತ್ತಿದ್ದುದು ಹೆಚ್ಚಾಗಿ ಸಾಚಾನದೇ.

ಕಾಶವ್ವನ ಕೈಯಂತೂ ನನ್ನ ಮೇಲ್ಪಟ್ಟಿಯನ್ನು ಒದ್ದೆ ಮಾಡಿತ್ತು. ಪಕ್ಕದ ಹೊಲದವರ ಬಣವೆಗೆ ಬೆಂಕಿ ಇಟ್ಟನೆಂದು ಅವಳ ಗಂಡನನ್ನು ಹಿಡಿದಿದ್ದರು. ಆ ರಾತ್ರಿ ಅವನು ಮನೆಯಲ್ಲೇ ಇದ್ದನೆಂದು ಹೇಳಬಲ್ಲವಳು ಇವಳೊಬ್ಬಳೇ.

"ಅವರು ಮನ್ಯಾಗ ಇದ್ರು ರೀ," ಅಂದಳು.

ಸರ್ಕಾರಿ ವಕೀಲರು ಎದ್ದರು. "ಅವರು ಅಂದರೆ ಯಾರು? ಹೆಸರು ಹೇಳು."

ಕಾಶವ್ವ ತಲೆ ತಗ್ಗಿಸಿದಳು. ಹೆಂಡತಿ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿ ಬೆಳೆದವಳು. ಹೇಳಿದರೆ ಅವನ ಜೀವಕ್ಕೆ ಕುತ್ತು, ಹೇಳದಿದ್ದರೆ ಜೈಲು.

"ನೋಡಿ ಸ್ವಾಮಿ, ಹೇಳಿಕೊಟ್ಟ ಸಾಕ್ಷಿ! ಹೆಸರೇ ಬಾಯಿಗೆ ಬರುತ್ತಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಹೆಸರಿಲ್ಲದೆ ಏನಂತ ಬರೆಸಲಮ್ಮ? ಕೊನೆಯ ಸಲ ಕೇಳುತ್ತಿದ್ದೇನೆ."

ಟೈಪಿಸ್ಟನ ಬೆರಳು ಗಾಳಿಯಲ್ಲೇ ನಿಂತಿತು. ಎದುರಿನ ಕಟಕಟೆಯಿಂದ ಗಂಡ, ಹೇಳಿಬಿಡು ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳ ಉಗುರು ನನ್ನ ಮೈಗೆ ನಾಟಿತು. ವಕೀಲರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಆದರೆ ಮರಕ್ಕೆ ಬಾಯಿ ಎಲ್ಲಿದೆ?

ಕಾಶವ್ವ ಸೆರಗು ಸರಿಮಾಡಿಕೊಂಡಳು. "ಒಡಪು ಹಾಕಿ ಹೇಳ್ಲೇನ್ರಿ ಸಾಹೇಬ್ರ?"

ನಮ್ಮ ಕಡೆ ಮದುವೆಮನೆಯಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತಾಗ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುತ್ತಾರೆ. ಹಾಗೆ ಹೇಳಿದರೆ ದೋಷವಿಲ್ಲ. ನ್ಯಾಯಾಧೀಶರು ವಕೀಲರ ಕಡೆ ನೋಡದೆ, "ಹೇಳಮ್ಮ," ಅಂದರು.

"ಹೊಲಕ್ಕ ಬೇಲಿ ಕಾವಲ, ಊರಿಗೆ ಹನಮಪ್ಪ ಕಾವಲ,
ಜ್ವರ ಬಂದ ಕೂಸಿಗೆ ಆ ರಾತ್ರಿ ಅಡಿವೆಪ್ಪನವರ ತೊಡೀನ ಕಾವಲ."

ಯಾರೂ ನಗಲಿಲ್ಲ. "ಆರೋಪಿ ಅಡಿವೆಪ್ಪ ಮನೆಯಲ್ಲಿದ್ದನು," ಎಂದು ನ್ಯಾಯಾಧೀಶರು ಬರೆಸಿದರು. ಬೇಲಿ, ಕೂಸು, ತೊಡೆ ಯಾವುದೂ ಕಾಗದಕ್ಕೆ ಇಳಿಯಲಿಲ್ಲ.

ಬಿಡುಗಡೆಯಾದ ದಿನ ಅಡಿವೆಪ್ಪ ನನ್ನ ಪಕ್ಕದಲ್ಲೇ ನಿಂತು ಪಿಸುಗುಟ್ಟಿದ: "ನನ್ನ ಹೆಸರ ಇನ್ನೊಮ್ಮೆ ಹೇಳು."

"ಇನ್ನೊಮ್ಮೆ ಮದುವಿ ಆಗ್ರಿ, ಹೇಳ್ತೀನಿ!"

ಈಗ ಹೊಸ ಕೋರ್ಟಿಗೆ ಹೊಸ ಕಟಕಟೆ ಬಂದಿದೆ. ನಾನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿದ್ದೇನೆ. ಗೆದ್ದಲು ಮೊಣಕಾಲವರೆಗೆ ಬಂದಿದೆ, ಅವಳ ಉಗುರಿನ ಗುರುತು ಇನ್ನೂ ಇದೆ. ಆ ಒಡಪು ಯಾವ ಕಡತದಲ್ಲೂ ಇಲ್ಲ. ಗೆದ್ದಲು ಮೇಲ್ಪಟ್ಟಿಗೆ ಏರುವ ಮುಂಚೆ ನಿಮ್ಮ ಕಿವಿಗೆ ಹಾಕಿದ್ದೇನೆ.