ಬೋರಣ್ಣನ ಹುಲಿಕಲ್ಲು

ಉತ್ತರಹಳ್ಳಿಯ ಹಳೇ ಊರಿನಲ್ಲಿ ಬೋರಣ್ಣನ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ 'ಹುಲಿಕಲ್ಲಿನ ಮನೆ ತಾನೇ?' ಎಂದು ಕೈ ತೋರಿಸುತ್ತಿದ್ದರು. ಆ ಮೂರಂತಸ್ತಿನ ಕಟ್ಟಡದ ಗೇಟಿನ ಪಕ್ಕದಲ್ಲೇ ಎದೆಯೆತ್ತರದ ಹಳೇ ಕಲ್ಲೊಂದಿತ್ತು. ಅದರಲ್ಲಿ ಈಟಿ ಹಿಡಿದ ಒಬ್ಬ ಗಂಡಸು, ಅವನ ಮುಂದೆ ಕಚ್ಚಾಡುತ್ತಿರುವ ಎರಡು ಪ್ರಾಣಿಗಳು. ಪ್ರತಿ ಯುಗಾದಿಗೂ ಬೋರಣ್ಣ ಸ್ವಂತ ಕೈಯಿಂದ ಅದಕ್ಕೆ ಪೇಂಟ್ ಬಳಿಯುತ್ತಿದ್ದ. ಗಂಡಸಿಗೆ ಕಪ್ಪು ಮೀಸೆ, ಕೆಳಗೆ ಬಿದ್ದ ಪ್ರಾಣಿಗೆ ಹಸುವಿನ ಬಿಳುಪು, ಮೇಲಿನದಕ್ಕೆ ಹಳದಿ ಮೈ, ಕರೀ ಪಟ್ಟೆ, ಕೊರಳಲ್ಲೊಂದು ಬಂಗಾರದ ಬಣ್ಣದ ಸರ. ಹಸುವಿನ ಮೇಲೆ ಬಿದ್ದ ಹುಲಿಯನ್ನು ತನ್ನ ಮುತ್ತಾತನ ಮುತ್ತಾತ ಒಂದೇ ಏಟಿಗೆ ಕೆಡವಿದ ಕಥೆಯನ್ನು ಅವನು ತೆಗೆದನೆಂದರೆ ಕೇಳುವವರ ಕಾಫಿ ಆರಿ ಹೋಗುತ್ತಿತ್ತು. ಹೇಳಿದಷ್ಟು ಸಲವೂ ಹುಲಿ ಒಂದು ಗೇಣು ಬೆಳೆಯುತ್ತಿತ್ತು.

ಹುಲಿಯನ್ನು ಇಷ್ಟು ಮೆರೆಸುವ ಮನುಷ್ಯನಿಗೆ ನಾಯಿ ಕಂಡರೆ ಮಾತ್ರ ಆಗುತ್ತಿರಲಿಲ್ಲ. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಮಧುಮತಿ ಬಾಗಲಕೋಟೆ ಕಡೆಯವಳು, ಜಯನಗರದ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕಿದ್ದಳು. ಅವಳು ಬೀದಿಯ ಕಂದು ನಾಯಿಯೊಂದಕ್ಕೆ ದಿನಾ ಗೇಟಿನ ಹತ್ತಿರ ರೊಟ್ಟಿ ಹಾಕಿ, ಗುಂಡ್ಯಾ ಎಂದು ಹೆಸರೂ ಇಟ್ಟಿದ್ದಳು. ಬೋರಣ್ಣ ಮೊದಲು ಹೇಳಿದ, ಆಮೇಲೆ ಗದರಿದ, ಕೊನೆಗೆ ಗುಂಡ್ಯಾನ ಮೇಲೆ ಚಪ್ಪಲಿಯನ್ನೇ ಎಸೆದ.

"ನೋಡಮ್ಮ, ನಾಯಿಗೆ ಹಾಕೋದ್ ಬಿಡು. ಇಲ್ಲಾಂದ್ರೆ ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡು."

"ಮನಿ ಬಿಡ್ತೇನ್ರಿ ಅಂಕಲ್. ಅದನ್ನ ಉಪಾಸ ಕೆಡವಾಕ ನನ್ನ ಕೈಲೆ ಆಗಂಗಿಲ್ರಿ," ಎಂದಳು ಮಧುಮತಿ.

ಮಾರನೇ ದಿನವೇ ರಟ್ಟಿನ ಡಬ್ಬಗಳು ಮೆಟ್ಟಿಲ ಮೇಲೆ ಸಾಲಾಗಿ ಕೂತವು. ಆ ಹುಡುಗಿಯನ್ನು ಮನೆಮಗಳಂತೆ ಹಚ್ಚಿಕೊಂಡಿದ್ದ ಹೆಂಡತಿ ನಾರಾಯಣಮ್ಮ ಗಂಡನ ಜೊತೆ ಮಾತು ಬಿಟ್ಟಳು. ಬೋರಣ್ಣನಿಗೂ ಒಳಗೊಳಗೇ ಕಸಿವಿಸಿ. ಆದರೆ ಒಮ್ಮೆ ಆಡಿದ ಮಾತನ್ನು ವಾಪಸ್ ತಗೊಳ್ಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಅಷ್ಟರಲ್ಲಿ ಗಂಗಾಧರಯ್ಯ ಮೇಷ್ಟ್ರು ಬಂದರು. ಸ್ಕೂಲಿನಿಂದ ನಿವೃತ್ತರಾದ ಮೇಲೆ ಊರೂರು ತಿರುಗಿ ಹಳೇ ಕಲ್ಲುಗಳ ಬರಹ ಓದುವುದೇ ಅವರ ಕೆಲಸವಾಗಿತ್ತು.

"ಯಜಮಾನ್ರೇ, ಈ ಪೇಂಟ್ ಅಡೀಲಿ ಅಕ್ಷರ ಇದೆ. ಬಿಡಿಸಿ ಓದ್ಲಾ?"

ಬೋರಣ್ಣ ಉಬ್ಬಿಹೋದ. "ಓದಿ ಮೇಷ್ಟ್ರೇ! ಭಾನುವಾರ ಎಲ್ರ ಎದುರ್ಗೇ ಓದಿ. ಅದ್ರಲ್ಲಿ ಏನ್ ಬರ್ದಿದ್ರೂ ನಮ್ ಹಿರೀಕರ ಮಾತು. ತಲೆ ಮೇಲಿಟ್ಕೊಂಡು ನಡೆಸ್ತೀನಿ."

ಮೇಷ್ಟ್ರು ಎರಡು ದಿನ ಕೂತು, ಅಕ್ಷರವಿದ್ದ ಭಾಗದ ಬಣ್ಣವನ್ನಷ್ಟೇ ಮೆಲ್ಲಗೆ ಬಿಡಿಸಿದರು. ಶನಿವಾರ ಸಂಜೆ, "ಮೊದ್ಲು ನಿಮಗೊಬ್ರಿಗೇ ಹೇಳ್ಬಿಡ್ಲಾ?" ಎಂದು ಕೇಳಿದರು. ಫ್ಲೆಕ್ಸ್ ಕಟ್ಟಿಸುವ ಗಡಿಬಿಡಿಯಲ್ಲಿದ್ದ ಬೋರಣ್ಣ, "ಬೇಡ ಬೇಡ, ಸಸ್ಪೆನ್ಸ್ ಇರ್ಲಿ!" ಎಂದ.

ಭಾನುವಾರ ಬೀದಿಗೆ ಬೀದಿಯೇ ಸೇರಿತು. ಫ್ಲೆಕ್ಸಿನಲ್ಲಿ ಬಾಯ್ತೆರೆದ ಹುಲಿ, ಪಕ್ಕದಲ್ಲಿ ಕೈಮುಗಿದ ಬೋರಣ್ಣ. ಮೇಷ್ಟ್ರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿದರು. ಕಪ್ಪು ಕಾಗದದ ಮೇಲೆ ಬಿಳೀ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅವರು ಹಳಗನ್ನಡವನ್ನು ಒಮ್ಮೆ ಓದಿ, ಗಂಟಲು ಸರಿಮಾಡಿಕೊಂಡರು.

"ಇದು ಹುಲಿ ಅಲ್ಲ. ನಾಯಿ. ಹೆಸರು ಮಿಂಚ. ಬೆಳೆಗೆ ನುಗ್ಗಿದ ಕಾಡುಹಂದೀನ ಕೊಂದು, ತಾನೂ ಸತ್ತಿದೆ. ಸಾಕಿದ ಗೌಡ ಅದರ ನೆನಪಿಗೆ ಈ ಕಲ್ಲು ನಿಲ್ಲಿಸಿದ್ದಾನೆ."

"ನಾಯೀನಾ? ಸರಿಯಾಗ್ ನೋಡಿ ಮೇಷ್ಟ್ರೇ!"

"ನೀವೇ ನೋಡಿ. ಹುಲಿ ಎಲ್ಲಾದ್ರೂ ಕತ್ತಿಗೆ ಬೆಲ್ಟ್ ಹಾಕ್ಕೊಂಡಿರುತ್ತಾ?"

ಬೋರಣ್ಣ ನೋಡಿದ. ಇಷ್ಟು ವರ್ಷ ತಾನೇ ಬಂಗಾರದ ಬಣ್ಣ ಬಳಿದ ಸರ. ಹುಲಿಗೆ ಸರ ಯಾಕೆ ಎಂದು ಒಂದು ದಿನವೂ ಅವನಿಗೆ ಹೊಳೆದಿರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮತ್ತೆ ಈಟಿ ಹಿಡಿದಿರೋ ನಮ್ ಮುತ್ತಾತ?"

"ನಿಂತಿದ್ದಾನೆ, ಅಷ್ಟೆ. ಕೊನೇ ಸಾಲು ಕೇಳಿ. ಈ ನೆಲದ ಫಲ ಉಣ್ಣೋರು ದಿನಾ ಊರ ನಾಯಿಗೆ ಮೊದಲ ತುತ್ತು ಹಾಕಿ, ಆಮೇಲೆ ತಾವು ಉಣ್ಬೇಕು."

ನಗು ನಿಂತಿತು. ಎಲ್ಲರ ಕಣ್ಣೂ ಬೋರಣ್ಣನ ಮೇಲೆ. ಮಧುಮತಿ ಮಾತ್ರ ಮೆಟ್ಟಿಲ ಮೇಲಿನ ಡಬ್ಬಗಳ ಕಡೆ ಮುಖ ತಿರುಗಿಸಿದಳು.

"ಆ ಗೌಡ ನಮ್ ವಂಶದವ್ನೇ ಅಂತ ಏನ್ ಗ್ಯಾರಂಟಿ?" ಎಂದ ಬೋರಣ್ಣ ಮೆತ್ತಗೆ.

"ಗ್ಯಾರಂಟಿ ಏನಿಲ್ಲ. ಅವನು ನಮ್ಮೋನಲ್ಲ ಅಂತ ಎಲ್ರ ಎದುರ್ಗೆ ಹೇಳ್ಬಿಡಿ, ಮುಗೀತು."

ತಾನು ವರ್ಷವರ್ಷವೂ ಮೀಸೆ ಬರೆದ ಆ ಮನುಷ್ಯನನ್ನು ಬೋರಣ್ಣ ಇನ್ನೊಮ್ಮೆ ನೋಡಿದ. ಹುಲಿ ಕೊಂದವನಲ್ಲ, ಸತ್ತ ನಾಯಿಯ ನೆನಪಿಗೆ ಕಲ್ಲು ಕಡೆಸಿದವನು. ಅವನ ಮುಂದೆ ನಿಂತೇ ತಾನು ಚಪ್ಪಲಿ ಎಸೆದಿದ್ದೆ ಎಂದು ನೆನೆದು ಬೋರಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು.

ಎಂಟು ದಿನದಿಂದ ಮಾತು ಬಿಟ್ಟಿದ್ದ ನಾರಾಯಣಮ್ಮ ಬಾಯಿ ತೆರೆದಳು. "ಮುದ್ದೆ ಬಿಸಿಯಾಗೈತೆ. ತರ್ಲಾ?"

"ತತ್ತಾ," ಎಂದ ಬೋರಣ್ಣ.

ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಗೇಟಿನ ಆಚೆ ಹೋಗಿ ಕೈ ಚಾಚಿದ. ಬೀದಿ ಬದಿಯಲ್ಲಿದ್ದ ಗುಂಡ್ಯಾ ಆ ಕೈ ಕಂಡದ್ದೇ ಕಿವಿ ಮಡಚಿ ಓಟ ಕಿತ್ತು, ಅಲ್ಲಿ ನಿಂತಿದ್ದ ಆಟೋದ ಹಿಂದೆ ಅಡಗಿತು.

"ಮತ್ತ ಚಪ್ಪಲಿ ಬಂತು ಅಂತ ತಿಳ್ಕೊಂಡೈತ್ರಿ," ಎಂದಳು ಮಧುಮತಿ.

ಬೋರಣ್ಣ ಕಾಲಿನ ಚಪ್ಪಲಿ ಎರಡನ್ನೂ ಕಲ್ಲಿನ ಪಕ್ಕ ಬಿಟ್ಟ. ಬರಿಗಾಲಲ್ಲಿ ನಡುಬೀದಿಗೆ ಹೋಗಿ, ಮಂಡಿ ಲಟಲಟ ಎಂದರೂ ಕುಕ್ಕರುಗಾಲಲ್ಲಿ ಕೂತ. ತುತ್ತನ್ನು ಎಲೆಯ ಮೇಲಿಟ್ಟ.

"ಬಾರಪ್ಪ ಗುಂಡ್ಯಾ. ತಪ್ಪಾಯ್ತು, ಬಾ."

ಗುಂಡ್ಯಾ ಆಟೋದ ಚಕ್ರದ ಹಿಂದಿನಿಂದ ಇಣುಕಿತು. ಮಧುಮತಿಯ ಮುಖ ನೋಡಿತು, ಹತ್ತಿರ ಬಂದು ಬೋರಣ್ಣನ ಬರಿಗಾಲು ಮೂಸಿತು. ಆಮೇಲೆ ಮುದ್ದೆಯನ್ನು ಒಂದೇ ಏಟಿಗೆ ನುಂಗಿತು.

"ಮಧುಮತಿ, ಆ ಡಬ್ಬಗಳ್ನ ಒಳಗಿಟ್ಕೊಳಮ್ಮ," ಎಂದ ಬೋರಣ್ಣ, ತಲೆ ಎತ್ತದೆ. "ನಾನು ಊರಲ್ಲಿಲ್ದಿದ್ ದಿನ ಇದಕ್ಕೆ ಯಾರ್ ಹಾಕ್ತಾರೆ?"

ಸಂಜೆ ಹೊತ್ತಿಗೆ ಫ್ಲೆಕ್ಸ್ ಇಳಿದಿತ್ತು. ಟೀ ಅಂಗಡಿಯಲ್ಲಿ ಬೋರಣ್ಣ ತಮ್ಮ ಮನೆತನದ ಮಿಂಚನ ಕಥೆ ಹೇಳುತ್ತಿದ್ದ, ಕಾಲ ಬಳಿ ಗುಂಡ್ಯಾ ಮಲಗಿತ್ತು. ಕಾಡುಹಂದಿ ಆಗಲೇ ಎರಡು ಗೇಣು ಬೆಳೆದಿತ್ತು.