ಮಂದ್ರ ಸಂಘದವರು ಕೇಳಿದ ಬಿಕ್ಕು

ಆಲ್ಬೋರ್ಗ್ ಎಂಬ ಊರಿನ ಮಂದ್ರ ಸಂಘದಲ್ಲಿ ಸದಸ್ಯರು ಒಂಬತ್ತು ಮಂದಿ, ನಿಯಮಗಳು ಹದಿನೇಳು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸೇರುವುದು, ಬಾಸ್ ಗಿಟಾರಿನವರೇ ಮುಂದಾಳಾಗಿರುವ, ಹಾಡುಗಾರರ ಗೊಡವೆಯಿಲ್ಲದ ಗ್ರಾಮಫೋನ್ ತಟ್ಟೆಗಳನ್ನು ಮಾತ್ರ ಕೇಳುವುದು, ಕೆಮ್ಮು ಬಂದರೆ ನುಂಗಿಕೊಳ್ಳುವುದು. ಎಲ್ಲರ ಹಿಂದೆ ನಿಂತು ಗುಂಯ್‌ಗುಡುವ ವಾದ್ಯ ಒಮ್ಮೆ ಮುಂದೆ ಬಂದರೆ ಏನು ಹೇಳುತ್ತದೆ ಎಂಬ ಹುಚ್ಚು ಕುತೂಹಲ ಅವರದು. ರೆಕಾರ್ಡ್ ಪ್ಲೇಯರ್ ಮುಟ್ಟುವ ಹಕ್ಕು ಅಧ್ಯಕ್ಷ ಆಸ್ಗರ್ ಬೂಸ್ ಒಬ್ಬರದೇ. ಅದು ನಾಲ್ಕನೆಯ ನಿಯಮ.

ಸಂಘದ ಮನೆದೇವರು ಒಂದು ತಟ್ಟೆ. ಹೆಸರು 'ಹೊರಡುವ ಮುನ್ನ'. ಫ್ಲೆಮಿಂಗ್ ಕ್ರಾಗ್ ಎಂಬಾತ ೧೯೭೮ರಲ್ಲಿ ಬಾಸ್ ಮೇಲೆ ಬಾಸನ್ನೇ ಪದರಪದರವಾಗಿ ಕೂರಿಸಿ, ಬೇರೆ ಯಾವ ವಾದ್ಯದ ಹಂಗೂ ಇಲ್ಲದೆ ಮಾಡಿದ್ದು. ತಟ್ಟೆಗಳು ಕಾರ್ಖಾನೆಯಿಂದ ಬರಲು ಮೂರು ವಾರವಿದ್ದಾಗ, ಮೂವತ್ತೆರಡರ ಆ ಮನುಷ್ಯ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಸಂಗೀತವೋ, ಕೆಸರಿನಲ್ಲಿ ಕಾಲೆಳೆದಷ್ಟು ನಿಧಾನ, ಭಾರ. ಎರಡನೆಯ ಬದಿಯ ಕೊನೆಗೆ ಒಂದು ಬಿಕ್ಕು ಕೇಳುತ್ತದೆ, ಅದರ ಬೆನ್ನಿಗೇ ಬಾಯಲ್ಲೇ ಕರಗಿಹೋದಂಥ ಒಂದು ಮಾತು: "ಇನ್ನು..." ಇನ್ನು ಸಾಕು ಎನ್ನಲು ಹೊರಟಿದ್ದ, ಸಾವು ಹತ್ತಿರ ಬಂದದ್ದು ಕಲಾವಿದನಿಗೆ ಗೊತ್ತಿತ್ತು ಎಂದು ಆಸ್ಗರ್ ಎಂಬತ್ತು ಪುಟದ ಪುಸ್ತಕವನ್ನೇ ಬರೆದಿದ್ದರು. ಆ ಜಾಗ ಬಂದಾಗ ಸದಸ್ಯರೆಲ್ಲ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಕನ್ನಡಕವಿಲ್ಲದ ಕಾರ್ಯದರ್ಶಿ ಕಾಯ್ ಕಣ್ಣು ಮುಚ್ಚುತ್ತಾನೆ.

ಒಂಬತ್ತನೆಯ ಸದಸ್ಯೆ ವೀಬೆಕೆ ಅದೇ ಫ್ಲೆಮಿಂಗನ ಮಗಳು. ಊರಿನ ಎರಡನೇ ನಂಬರಿನ ಬಸ್ ಓಡಿಸುವವಳು. ಅಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ಅವಳಿಗೆ ನೆನಪಿದ್ದದ್ದು ಒಂದು ಒರಟು ಸ್ವೆಟರಿನ ವಾಸನೆ, ಒಂದು ಹೆಗಲಿನ ಎತ್ತರ. ಅಮ್ಮ ಬೀರ್ತೆ ಆ ತಟ್ಟೆಗಳನ್ನು ಕೇಳುವ ಧೈರ್ಯವಾಗದೆ ಪೆಟ್ಟಿಗೆಸಮೇತ ಅಂಗಡಿಯವನಿಗೆ ಕೊಟ್ಟುಬಿಟ್ಟಿದ್ದಳು. ಹಾಗಾಗಿ ವೀಬೆಕೆ ಅಪ್ಪನ ಕೈಚಳಕವನ್ನು ಮೊದಲು ಕೇಳಿದ್ದೇ ಈ ಸಂಘದಲ್ಲಿ, ಹೋದ ವರ್ಷ. ಹೆಮ್ಮೆಪಡಬೇಕಿದ್ದವಳ ಮನಸ್ಸು ಆ ಕೊನೆಯ ಅಳುವಿಗೇ ಅಂಟಿಕೊಂಡಿತು. ಹೆಂಡತಿ, ಪುಟ್ಟ ಮಗಳು ಮನೆಯಲ್ಲಿದ್ದೂ ಈ ಮನುಷ್ಯ ಇಷ್ಟು ಅತ್ತನೇ? ನಾವೇ ಅವನಿಗೆ ಭಾರವಾಗಿದ್ದೆವೇ? ಅದನ್ನು ಯಾರಲ್ಲೂ ಬಾಯಿಬಿಡದೆ, ಆ ಬಿಕ್ಕನ್ನು ಎದೆಯಲ್ಲಿಟ್ಟುಕೊಂಡೇ ಬಸ್ ಓಡಿಸುತ್ತಿದ್ದಳು.

ಚಳಿಗಾಲ ಶುರುವಾಗುವ ಹೊತ್ತಿಗೆ, ಅಮ್ಮನ ಮನೆಯ ಗೋಡೆಯಲ್ಲಿ ನೇತಾಡುತ್ತಿದ್ದ ಅಪ್ಪನ ಬಾಸನ್ನು ಇಳಿಸಿ, ಸಂಘದವರು ತಟ್ಟೆಯಿಂದ ಫೋನಿಗೆ ಹಾಕಿಕೊಟ್ಟ ದನಿಯ ಜೊತೆ ನುಡಿಸಲು ಕೂತಳು. ಅಪ್ಪ ಇಳಿದಷ್ಟು ಕೆಳಕ್ಕೆ ಆ ವಾದ್ಯ ಇಳಿಯಲೇ ಇಲ್ಲ. ಕಡೆಯ ದಪ್ಪ ತಂತಿಯನ್ನು ಬೆರಳಿನಿಂದ ಒತ್ತದೆ ಹಾಗೇ ಮೀಟಿದರೂ ತಟ್ಟೆಯ ಸ್ವರ ಇನ್ನೂ ಐದು ಸ್ವರದ ಮನೆ ಕೆಳಗಿತ್ತು. ಆಸ್ಗರರನ್ನು ಕೇಳಿದರೆ ಉತ್ತರ ಸಿದ್ಧವಿತ್ತು: ನಿಮ್ಮ ತಂದೆಯ ಹತ್ತಿರ ಐದು ತಂತಿಯ ಇನ್ನೊಂದು ಬಾಸ್ ಇತ್ತು, ಪುಸ್ತಕದ ಎರಡನೇ ಅಧ್ಯಾಯ ನೋಡಿ.

ಅಮ್ಮ ಅಡುಗೆಮನೆಯಲ್ಲಿ ಮಾಂಸದುಂಡೆ ಹುರಿಯುತ್ತಿದ್ದಳು. ಇನ್ನೊಂದು ಬಾಸ್ ಇತ್ತಾ ಎಂದು ಮಗಳು ಕೇಳಿದ್ದಕ್ಕೆ ಸಟ್ಟುಗ ಹಿಡಿದೇ ಬಾಗಿಲಿಗೆ ಬಂದಳು.

"ಇನ್ನೊಂದಾ? ಇದೊಂದನ್ನೇ ಹಾಸಿಗೇಲಿ ನಮ್ಮಿಬ್ಬರ ಮಧ್ಯೆ ಮಲಗಿಸ್ಕೋತಿದ್ದ. ಅದಿರ್ಲಿ, ಫೋನಲ್ಲಿ ಅಳ್ತಾ ಇರೋದು ಯಾರೇ?"

"ಅಪ್ಪ."

ಬೀರ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ, ಸಿಡುಕು ಕಂಡಿತು.

"ಯಾರೋ ನಿಂಗೆ ಟೋಪಿ ಹಾಕಿದಾರೆ. ನಿಮ್ಮಪ್ಪ ಇಷ್ಟು ನಿಧಾನವಾಗಿ ಕಾಲುಚೀಲಾನೂ ಹಾಕ್ಕೊಂಡೋನಲ್ಲ. ಫೆರೀಲಿ ಟಿಕೆಟ್ ಹರೀತಿದ್ದೋನು, ದೋಣಿ ಹೊರಡೋ ಮುಂಚೆ ಹತ್ತು ನಿಮಿಷ ಸಿಕ್ಕಿದ್ರೆ ಸಾಕು, ಟಿಕೆಟ್ ಚೀಲ ಪಕ್ಕಕ್ಕೆಸೆದು ಕುಣಿಯೋ ಹಾಗೆ ಬಾರಿಸ್ತಿದ್ದ. ತಟ್ಟೆಗೂ ಅದೇ ಹೆಸರಿಟ್ಟ."

'ಹೊರಡುವ ಮುನ್ನ' ಎಂದರೆ ಫೆರಿ ಹೊರಡುವ ಮುನ್ನ. ಎಂಬತ್ತು ಪುಟದಲ್ಲಿ ಎಲ್ಲೂ ಇಲ್ಲದ ಮಾತು.

ಮಾರನೆಯ ದಿನ ಸೇತುವೆ ಇಳಿದು ನಿಲ್ದಾಣಕ್ಕೆ ಬಸ್ ತರುವಾಗ ವೀಬೆಕೆ ಬ್ರೇಕ್ ಒತ್ತಿದಳು. ವೇಗ ಇಳಿಯಿತು, ಅದರ ಜೊತೆ ಇಂಜಿನ್ನಿನ ಸ್ವರವೂ ಇಳಿಯಿತು. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ಕೇಳಿದ್ದ ಸದ್ದು. ಅಂದು ಬಾಗಿಲು ತೆರೆಯುವುದನ್ನೇ ಮರೆತು ಕೂತಳು. ಹೊರಗೆ ನಿಂತ ಮುದುಕಿಯೊಬ್ಬಳು ಛತ್ರಿಯಿಂದ ಗಾಜು ಕುಟ್ಟಿದ ಮೇಲೆ ಎಚ್ಚರವಾಯಿತು.

ಮುಂದಿನ ಭಾನುವಾರ ಸಂಘಕ್ಕೆ ಮೂವತ್ತು ವರ್ಷ ತುಂಬುವ ದಿನ. ಮೇಜಿನ ಮೇಲೆ ಕಾಫಿ, ಕೇಕು, ಆಸ್ಗರರ ಪುಸ್ತಕದ ಹೊಸ ಮುದ್ರಣದ ಕಟ್ಟು. ಕೇಳುವ ಸಮಯ ಬಂದಾಗ ವೀಬೆಕೆ ಬಾಸನ್ನು ತೊಡೆಯ ಮೇಲಿಟ್ಟುಕೊಂಡು ಮಾತೆತ್ತಿದಳು. ತಪ್ಪಾದರೆ ಇಡೀ ಊರಿನಲ್ಲಿ ಅಪ್ಪನನ್ನು ನೆನೆಯುವ ಈ ಎಂಟು ಜನರೂ ದೂರವಾಗುತ್ತಾರೆಂದು ಗೊತ್ತಿತ್ತು. ಆದರೂ ಹೇಳಿದಳು: ತಟ್ಟೆಯ ಹೊದಿಕೆಯ ಚಿತ್ರದಲ್ಲಿ ಕಾಣುವ, ತಂತಿ ಬಿಗಿಯುವ ಬಿರಡೆ ನಾಲ್ಕೇ, ವಾದ್ಯ ಇದೇ, ಐದನೇ ತಂತಿ ಎಂಬುದೇ ಇರಲಿಲ್ಲ. ತಟ್ಟೆಗಳು ಎರಡು ವೇಗದಲ್ಲಿ ತಿರುಗುತ್ತವೆ, ಇದರ ಮೇಲೆ ಯಾವ ವೇಗವೆಂದು ಅಚ್ಚಾಗಿಲ್ಲ. ಆ ತಪ್ಪು ತಿದ್ದಬೇಕಾದವನು ಆಗಲೇ ಮಣ್ಣಿಗೆ ಹೋಗಿದ್ದ. ನಿಮಿಷಕ್ಕೆ ಮೂವತ್ತಮೂರು ಸುತ್ತಿನಲ್ಲಿ ಅಲ್ಲ, ನಲವತ್ತೈದರಲ್ಲಿ ತಿರುಗಿಸಿ.

"ನೋಡಮ್ಮ," ಎಂದರು ಆಸ್ಗರ್, "ಇವು ಮೂವತ್ತು ವರ್ಷ ಕೇಳಿರೋ ಕಿವಿಗಳು."

ಕಾಯ್‌ಗೆ ನಗು ತಡೆಯಲಾಗಲಿಲ್ಲ. "ಬಸ್ ತಡವಾದ್ರೆ ಓಡಿಸ್ತೀರಲ್ಲ, ಹಾಗೇ ನಿಮ್ಮಪ್ಪನ್ನೂ ಓಡಿಸ್ಬೇಕಾ?"

ಆಗ ಚರ್ಚಿನಲ್ಲಿ ನಲವತ್ತು ವರ್ಷ ಆರ್ಗನ್ ನುಡಿಸಿದ್ದ ಗುದ್ರುನ್ ಕಾಫಿ ಲೋಟ ಕೆಳಗಿಟ್ಟರು. "ಆ ಸ್ವರ ನನ್ನ ಆರ್ಗನ್ನಿನ ಯಾವ ಮನೇಲೂ ಕೂರಲ್ಲ, ಎರಡರ ಮಧ್ಯೆ ಬೀಳತ್ತೆ ಅಂತ ನಾನು ಬಡ್ಕೋತಾನೇ ಇದೀನಿ. ನೀವು ಅದನ್ನ ಅಧ್ಯಾತ್ಮ ಅಂದ್ರಿ."

ವಾದ ಎದ್ದಿತು. ಕೊನೆಗೆ, ಆ ಊರಿನ ಯಾವ ಸಂಘವಾದರೂ ಮಾಡುವುದನ್ನೇ ಇವರೂ ಮಾಡಿದರು: ಮತಕ್ಕೆ ಹಾಕಿದರು. ಹನ್ನೊಂದನೆಯ ನಿಯಮದಂತೆ ಕೈ ಎತ್ತಿಸಿ ಕಾಯ್ ಎಣಿಸಿದ. ಪರ ನಾಲ್ಕು, ವಿರೋಧ ನಾಲ್ಕು. ಸಮವಾದರೆ ತೀರ್ಮಾನ ಅಧ್ಯಕ್ಷರದು.

ಆಸ್ಗರ್ ತಮ್ಮ ಪುಸ್ತಕದ ಕಟ್ಟನ್ನು ನೋಡಿದರು. ವೀಬೆಕೆಯ ತೊಡೆಯ ಮೇಲಿನ ನಾಲ್ಕು ಬಿರಡೆಗಳನ್ನು ಎಣಿಸುವವರಂತೆ ನೋಡಿದರು. ಆಮೇಲೆ, ನಾವು ಓದುವ ಸಂಘವಲ್ಲ, ಕೇಳುವ ಸಂಘ ಎಂದು ಗೊಣಗಿಕೊಂಡು, ಮೂವತ್ತು ವರ್ಷ ಅಲುಗದಿದ್ದ ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿದರು. ಕತೆ ಹೇಳುತ್ತಾ ಆ ಮನುಷ್ಯನನ್ನು ನಾನು ಎಷ್ಟೇ ಗೇಲಿ ಮಾಡಿದರೂ ಆ ಒಂದು ಬೆರಳಿಗೆ ಕೈ ಮುಗಿಯುತ್ತೇನೆ.

ಮುಳ್ಳು ಇಳಿಯಿತು. ಕೆಸರು ಮಾಯವಾಗಿ, ಗಟ್ಟಿ ನೆಲದ ಮೇಲೆ ಯಾರೋ ಓಡಿಬಂದರು. ಕೆಳಗಿನ ಬಾಸ್ ಕುಣಿಯುವ ಹೆಜ್ಜೆ ಹಾಕಿಕೊಟ್ಟಿತು, ನಡುವಿನದು ಅದನ್ನು ಅಣಕಿಸಿತು, ಮೇಲಿನದು ಎರಡನ್ನೂ ಹಾರಿಕೊಂಡು ನಕ್ಕಿತು. ಒಬ್ಬನೇ ಮನುಷ್ಯನ ಹತ್ತು ಬೆರಳು ಎಂದು ನಂಬಲು ಕಷ್ಟವಾಗುವಂತಿತ್ತು. ವೀಬೆಕೆ ಕಡೆಯ ದಪ್ಪ ತಂತಿಯನ್ನು ಒತ್ತದೆ ಮೀಟಿದಳು. ತಟ್ಟೆಯ ಸ್ವರಕ್ಕೂ ಅವಳ ಸ್ವರಕ್ಕೂ ಕೂದಲೆಳೆಯ ಅಂತರವಿರಲಿಲ್ಲ. ಗುದ್ರುನ್ ಮೇಜು ಗುದ್ದಿದರು. ಕಾಯ್‌ನ ಕಾಲು ನಿಯಮ ಮೀರಿ ತಾಳ ಹಾಕತೊಡಗಿತು.

ಎರಡನೆಯ ಬದಿ ಕೊನೆಗೆ ಬಂತು. ಅಭ್ಯಾಸಬಲ, ಎಲ್ಲರೂ ಕನ್ನಡಕ ತೆಗೆದರು, ಕಾಯ್ ಕಣ್ಣು ಮುಚ್ಚಿದ.

ಬಿಕ್ಕು ಬರಲಿಲ್ಲ. ಒಂದು ಮಗು ಕಿಲಕಿಲನೆ, ಉಸಿರು ಸಿಕ್ಕದ ಹಾಗೆ ನಕ್ಕಿತು. ನಕ್ಕು ಮುಗಿಯುವ ಮೊದಲೇ ಚುರುಕಾಗಿ ಹೇಳಿತು: "ಇನ್ನೊಂದ್ಸಲ!"

ಆ ದನಿ ತನ್ನದೇ ಎಂದು ವೀಬೆಕೆಗೆ ಯಾರೂ ಹೇಳಬೇಕಾಗಲಿಲ್ಲ. ಅಪ್ಪ ಅತ್ತಿರಲಿಲ್ಲ. ಅಪ್ಪ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನುಡಿಸಿ ನಗಿಸಿದ್ದ, ಆ ನಗುವನ್ನು ತಟ್ಟೆಯಿಂದ ತೆಗೆಯದೆ ಉಳಿಸಿಕೊಂಡಿದ್ದ. ಅವಳು ಬಾಸನ್ನು ತಬ್ಬಿಕೊಂಡು, ಕಣ್ಣೀರು ಒರೆಸಿಕೊಳ್ಳದೆ, ತಟ್ಟೆಯ ಮೇಲಿನ ಮಗುವಿನಂತೆಯೇ ನಕ್ಕಳು.

ನಡಾವಳಿಯಲ್ಲಿ ಏನೆಂದು ಬರೆಯಲಿ ಎಂದು ಕಾಯ್ ಮೆಲ್ಲಗೆ ಕೇಳಿದ. ಆಸ್ಗರ್ ಅದನ್ನು ಮತಕ್ಕೆ ಹಾಕಲಿಲ್ಲ. ಪುಸ್ತಕದ ಕಟ್ಟನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿ, ಮಗು ಹೇಳಿದ ಮಾತು ಮೀರಬಾರದೆಂಬಂತೆ, ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟರು.